ಗೃಹಗಣಕ ವಾರ್ತೆ: ಹಳೆಯ ಕಂಪ್ಯೂಟರಿಗೆ ಹೊಸ ಉಗ್ರಾಣ

ಕಂಪ್ಯೂಟರಿನ ಬಿಡಿಭಾಗಗಳನ್ನು ತಾವೇ ಆರಿಸಿ ಕೊಂಡು, ತಾವೇ ಜೋಡಿಸುವ ಉತ್ಸಾಹವುಳ್ಳ ವಾಚಕ ಮಹಾಶಯರಿಗೆ ಕಳೆದ ಕೆಲವು ಕಾಲವು ಸುಖದ ಕಾಲವಾಗಿರಲಿಲ್ಲ. 2025ನೆಯ ಇಸವಿಯ ಸೆಪ್ಟೆಂಬರು ತಿಂಗಳಿಂದ ಮೊದಲುಗೊಂಡು ಆ ವರ್ಷದ ಕೊನೆಯೊಳಗಾಗಿ ರ‍್ಯಾಮ್ ಎಂಬ ಸ್ಮೃತಿಫಲಕಗಳ ಬೆಲೆಯು ಅನೇಕ ಬಗೆಗಳಲ್ಲಿ ಇಮ್ಮಡಿಯನ್ನೂ ಮೀರಿ ಏರಿತು. ಬರಗಾಲದಲ್ಲಿ ರಾಗಿಯ ಧಾರಣೆ ಏರುವುದನ್ನು ಕಂಡು ಕೇಳಿದ ಜನ ನಾವು. ಆದರೆ ಮಳೆ ಬೆಳೆಗಳಿಗೆ ಯಾವ ಸಂಬಂಧವೂ ಇಲ್ಲದ ಬೆರಳುದ್ದದ ಹಸಿರು ಹಲಗೆಯೊಂದರ ಬೆಲೆಯು ವಾರಕ್ಕೊಂದು ಮಾತಾಡುವುದೆಂದರೇನು? ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಬೆಳಗ್ಗೆ ವಿಚಾರಿಸಿದ ದರವನ್ನು ನಂಬಿ ಸಂಜೆ ಹಣ ತರಲು ಹೋಗುವವರು ಮತ್ತೊಮ್ಮೆ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಪ್ರಪಂಚಕ್ಕೆ ಬೇಕಾದ ರ‍್ಯಾಮ್ ಚಿಪ್ಪುಗಳ ಬಹುಭಾಗವನ್ನು ತಯಾರಿಸುವವರು ಮೂವರೇ: ಕೊರಿಯಾ ದೇಶದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಈ ಮೂವರ ಕಾರ್ಖಾನೆಗಳಿಗೂ ಈಗ ಹೊಸದೊಂದು ಗಿರಾಕಿ ಗಂಟುಬಿದ್ದಿದೆ. ಕೃತಕ ಬುದ್ಧಿಯ ಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿರುವ ದತ್ತಾಂಶ ಭವನಗಳೇ ಆ ಗಿರಾಕಿ. ಅವಕ್ಕೆ ಬೇಕಾದುದು ಎಚ್‌ಬಿಎಂ ಎಂಬ ಬಗೆಯ ಸ್ಮೃತಿ. ಚಿಪ್ಪಿನ ಮೇಲೆ ಚಿಪ್ಪನ್ನು ದೋಸೆಗಳಂತೆ ಅಟ್ಟಿ ಜೋಡಿಸಿ ಇದನ್ನು ತಯಾರಿಸುವರು. ಮೈಕ್ರಾನ್ ಸಂಸ್ಥೆಯವರೇ ಹೇಳಿರುವ ಪ್ರಕಾರ, ನಮ್ಮ ಮನೆಯ ಯಂತ್ರಗಳಿಗೆ ಹಾಕುವ ಡಿಡಿಆರ್5 ರ‍್ಯಾಮಿಗೆ ಹೋಲಿಸಿದರೆ ಅಷ್ಟೇ ಪ್ರಮಾಣದ ಎಚ್‌ಬಿಎಂ ತಯಾರಿಸಲು ಸುಮಾರು ಮೂರರಷ್ಟು ಸಿಲಿಕಾನು ಖರ್ಚಾಗುತ್ತದೆ. ಇದ್ದ ಹೊಲವೊಂದೇ, ಅದರಲ್ಲಿ ಹೆಚ್ಚು ಲಾಭದ ಬೆಳೆಯನ್ನು ಬಿತ್ತಿದ ರೈತನ ಮನೆಯಲ್ಲಿ ರಾಗಿ ಕಡಿಮೆಯಾಗುವುದು ಸಹಜವಷ್ಟೆ. ಇದಕ್ಕೂ ಮೊದಲೇ, ಹಳೆಯ ಡಿಡಿಆರ್4 ಬಗೆಯನ್ನು ಕಡಿಮೆ ಮಾಡುತ್ತ ಬರಬೇಕೆಂದು ತಯಾರಕರು ನಿಶ್ಚಯಿಸಿದ್ದರಿಂದ 2025ರ ನಡುವಿನಲ್ಲಿಯೇ ಅದರ ಬೆಲೆಯೂ ಮೇಲಕ್ಕೆ ಹೊರಟಿತ್ತು. ಹೀಗೆ ಹೊಸದನ್ನು ಕೊಳ್ಳುವವನಿಗೂ ಹಳೆಯದನ್ನು ರಿಪೇರಿ ಮಾಡುವವನಿಗೂ ಒಟ್ಟಿಗೆ ಪೆಟ್ಟು ಬಿದ್ದಿತು.

ಇನ್ನೊಂದು ವಾರ್ತೆ ಇದಕ್ಕಿಂತಲೂ ಖೇದಕರವಾದುದು. 2025ರ ಡಿಸೆಂಬರು 3ನೆಯ ತಾರೀಕು ಮೈಕ್ರಾನ್ ಸಂಸ್ಥೆಯು ‘ಕ್ರೂಷಿಯಲ್’ ಎಂಬ ಹೆಸರಿನಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ವ್ಯಾಪಾರವನ್ನು ಮುಚ್ಚುವುದಾಗಿಯೂ, 2026ರ ಫೆಬ್ರವರಿ ಮುಗಿಯುವವರೆಗೆ ಮಾತ್ರ ಸರಕು ಕಳುಹಿಸುವುದಾಗಿಯೂ ಪ್ರಕಟಿಸಿತು. 1996ರಿಂದ ನಡೆದುಬಂದ ಹೆಸರಿದು. ಮನೆಯ ಕಂಪ್ಯೂಟರನ್ನು ಸ್ವಂತ ಕೈಯಿಂದ ಬಿಚ್ಚಿದವರಲ್ಲಿ ಈ ಹೆಸರನ್ನು ಅರಿಯದವರು ವಿರಳ. ಮಾರಿದ ಸರಕುಗಳ ಖಾತರಿಯನ್ನು ನಡೆಸಿಕೊಡುವುದಾಗಿ ಸಂಸ್ಥೆಯವರು ಹೇಳಿರುವುದರಿಂದ, ಈಗಾಗಲೇ ಕೊಂಡವರು ಗಾಬರಿಪಡಬೇಕಾದುದಿಲ್ಲ; ಬಿಲ್ಲನ್ನು ಜೋಪಾನವಾಗಿಟ್ಟುಕೊಂಡರೆ ಸಾಕು.

ಇಂಥ ಕಾಲದಲ್ಲಿ ನಮ್ಮ ಕೈಗೆ ಬಂದ ಒಂದು ಪತ್ರವನ್ನು ಈ ತಿಂಗಳ ಮುಖ್ಯ ವಿಷಯವನ್ನಾಗಿ ಮಾಡಿಕೊಂಡಿದ್ದೇವೆ. ಬರೆದವರು ತಿಪಟೂರಿನ ಕಡೆಯ ಒಬ್ಬ ಸೋದರಿ. ಪತಿಯವರು ತೀರಿಕೊಂಡ ಬಳಿಕ ಮನೆಯಲ್ಲಿಯೇ ಲಗ್ನಪತ್ರಿಕೆ, ಆಹ್ವಾನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಮೊದಲಾದುವನ್ನು ಕನ್ನಡದಲ್ಲಿ ಅಚ್ಚಿಗೆ ಅಣಿಮಾಡಿಕೊಟ್ಟು ಸಂಸಾರವನ್ನು ನಡೆಸುತ್ತಿರುವರು. ಅವರ ಕಂಪ್ಯೂಟರು 2016ರಲ್ಲಿ ಕೊಂಡದ್ದು: ಇಂಟೆಲ್ ಐ3, ಆರನೆಯ ತಲೆಮಾರು, ರ‍್ಯಾಮ್ 4 ಜಿಬಿ, ಹಾರ್ಡ್ ಡಿಸ್ಕು 500 ಜಿಬಿ. ಗುಂಡಿ ಒತ್ತಿದ ಮೇಲೆ ಕೆಲಸಕ್ಕೆ ಒದಗಲು ಹತ್ತು ನಿಮಿಷ ಹಿಡಿಯುವುದಂತೆ. “ಒಲೆಯ ಮೇಲೆ ಅನ್ನಕ್ಕಿಟ್ಟು ಬಂದರೆ ಅನ್ನವೇ ಮೊದಲು ಆಗುತ್ತದೆ” ಎಂದು ಬರೆದಿದ್ದಾರೆ. ಊರಿನ ಅಂಗಡಿಯೊಂದರಲ್ಲಿ ತೋರಿಸಿದ್ದಕ್ಕೆ, ಇದನ್ನು ಗುಜರಿಗೆ ಹಾಕಿರಿ, ಐವತ್ತೈದು ಸಾವಿರಕ್ಕೆ ಹೊಸದನ್ನು ಕೊಳ್ಳಿರಿ, ಹಣವಿಲ್ಲದಿದ್ದರೆ ಕಂತಿನಲ್ಲಿ ಕೊಡುತ್ತೇವೆ ಎಂದು ಹೇಳಿದರಂತೆ. ಮಗಳ ಪಿ.ಯು.ಸಿ. ಶುಲ್ಕವನ್ನು ಕಟ್ಟುವ ತಿಂಗಳಿನಲ್ಲಿ ಈ ಕಂತನ್ನು ತಲೆಯ ಮೇಲೆ ಹೊತ್ತುಕೊಳ್ಳಲೇ, ಬೇಡವೇ, ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಉಂಟು: ಪತಿಯವರ ಭಾವಚಿತ್ರಗಳೆಲ್ಲವೂ ಆ ಹಾರ್ಡ್ ಡಿಸ್ಕಿನಲ್ಲಿಯೇ ಇವೆ, ಬೇರೆಲ್ಲಿಯೂ ಇಲ್ಲ.

ಕಂತನ್ನು ಹೊರುವ ಅಗತ್ಯವಿಲ್ಲವೆಂದು ಮೊದಲಿಗೇ ಹೇಳಿಬಿಡುತ್ತೇವೆ. ಕಾರಣವನ್ನು ಮುಂದೆ ವಿವರಿಸುವೆವು.

ಕಂಪ್ಯೂಟರನ್ನು ಒಂದು ಮದುವೆಯ ಅಡಿಗೆಮನೆಯೆಂದು ಭಾವಿಸಿರಿ. ಪ್ರೊಸೆಸರು ಅಡಿಗೆಯ ಭಟ್ಟ. ರ‍್ಯಾಮ್ ಎಂಬುದು ಅವನ ಮುಂದಿರುವ ಕಟ್ಟೆ; ಹೆಚ್ಚಿದ ತರಕಾರಿ, ಅರೆದ ಮಸಾಲೆ ಎಲ್ಲವೂ ಕೈಗೆಟಕುವಂತೆ ಅದರ ಮೇಲಿರಬೇಕು. ಹಾರ್ಡ್ ಡಿಸ್ಕು ಹಿಂದಿನ ಉಗ್ರಾಣ. ಭಟ್ಟನು ಎಷ್ಟೇ ಚುರುಕಾದವನಾಗಲಿ, ಜೀರಿಗೆ ಬೇಕಾದಾಗಲೆಲ್ಲ ಉಗ್ರಾಣಕ್ಕೆ ಆಳು ಹೋಗಿ, ಕತ್ತಲಲ್ಲಿ ಡಬ್ಬಗಳನ್ನು ತಡವಿ, ಹಿಂದಿರುಗಿ ಬರುವವರೆಗೆ ಸೌಟು ಹಿಡಿದುಕೊಂಡು ನಿಂತಿರಬೇಕಾದೀತು. ಕಟ್ಟೆ ಚಿಕ್ಕದಾದರೆ ಮತ್ತೊಂದು ಕಷ್ಟ: ಹೊಸ ಪಾತ್ರೆಯನ್ನಿಡಲು ಸ್ಥಳವಿಲ್ಲದೆ ಇದ್ದುದನ್ನು ಮರಳಿ ಉಗ್ರಾಣಕ್ಕೆ ಸಾಗಿಸಬೇಕು, ಬೇಕಾದಾಗ ಮತ್ತೆ ತರಿಸಬೇಕು. ಈ ಸೋದರಿಯ ಯಂತ್ರದಲ್ಲಿ ಭಟ್ಟನು ಈಗಲೂ ಗಟ್ಟಿಮುಟ್ಟಾಗಿಯೇ ಇದ್ದಾನೆ. ಲಗ್ನಪತ್ರಿಕೆಗೆ ಬೇಕಾದ ಕೆಲಸವನ್ನು ಆರನೆಯ ತಲೆಮಾರಿನ ಐ3 ಲೀಲೆಯಿಂದ ಮಾಡಬಲ್ಲುದು. ತೊಂದರೆಯಿರುವುದು ಕಟ್ಟೆಯಲ್ಲಿ ಮತ್ತು ಉಗ್ರಾಣದಲ್ಲಿ, ಅದರಲ್ಲಿಯೂ ಉಗ್ರಾಣದಲ್ಲಿ.

ಹಾರ್ಡ್ ಡಿಸ್ಕಿನ ವಂಶವು ದೊಡ್ಡದು. ಮೊತ್ತಮೊದಲನೆಯದನ್ನು ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದಿತು. ಎರಡು ಅಡಿ ವ್ಯಾಸದ ಐವತ್ತು ತಟ್ಟೆಗಳನ್ನುಳ್ಳ ಆ ಯಂತ್ರವು ಸುಮಾರು ಒಂದು ಟನ್ನು ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ಇಂದಿನದು ಅಂಗೈಯಲ್ಲಿ ಹಿಡಿಸಿದರೂ ನಡೆಯುವ ಕ್ರಮವು ಅದೇ. ಕಾಂತಲೇಪವುಳ್ಳ ತಟ್ಟೆಯೊಂದು ತಿರುಗುತ್ತಿರುವುದು, ಅದರ ಮೇಲೆ ಕೈಯೊಂದು ಅತ್ತಿತ್ತ ಚಲಿಸಿ ಬರೆಹವನ್ನು ಓದುವುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಸೆಕೆಂಡಿಗೆ 120 ಸುತ್ತುಗಳಾದುವು. ಬೇಕಾದ ತುಣುಕು ಕೈಯ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು ಕಾಯಬೇಕು. ಕೈಯು ಅಲ್ಲಿಗೆ ಸರಿಯಲು ಇನ್ನೂ ಎಂಟೊಂಬತ್ತು ಪಾಲು. ಒಟ್ಟಿನಲ್ಲಿ ಸೆಕೆಂಡಿಗೆ ಎಂಬತ್ತು ತುಣುಕುಗಳನ್ನು ಹುಡುಕಿ ತಂದರೆ ಅದೇ ಹೆಚ್ಚು. ಯಂತ್ರವು ಏಳುವ ಸಮಯದಲ್ಲಿ ಅಲ್ಲಲ್ಲಿ ಚದರಿರುವ ಹತ್ತು ಸಾವಿರ ತುಣುಕುಗಳು ಬೇಕಾದುವೆಂದರೆ, ಬರಿಯ ಹುಡುಕಾಟಕ್ಕೇ ಎರಡು ನಿಮಿಷ ಕಳೆದುಹೋಯಿತು. ಇದರ ಮೇಲೆ 4 ಜಿಬಿ ರ‍್ಯಾಮು ಸಾಲದೆ ಸಾಮಾನುಗಳ ಹಿಂದುಮುಂದಿನ ಸಾಗಾಟವೂ ಸೇರಿತೆಂದರೆ ಹತ್ತು ನಿಮಿಷಗಳ ಲೆಕ್ಕ ಸರಿಹೋಗುವುದು.

ಎಸ್‌ಎಸ್‌ಡಿ ಎಂಬ ಹೊಸ ಉಗ್ರಾಣದಲ್ಲಿ ತಿರುಗುವುದೂ ಇಲ್ಲ, ಚಲಿಸುವುದೂ ಇಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ ಎಂಬ ಪಂಡಿತರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಷ್ ಸ್ಮೃತಿಯೇ ಇದರ ಮೂಲ. ಈಗ ಎಲ್ಲೆಲ್ಲಿಯೂ ಬಳಕೆಯಲ್ಲಿರುವ ನ್ಯಾಂಡ್ ಎಂಬ ಬಗೆಯನ್ನು 1987ರಲ್ಲಿ ಲೋಕದ ಮುಂದಿಟ್ಟರು. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಣೆಗಳಲ್ಲಿ ವಿದ್ಯುತ್ತಿನ ಕಣಗಳನ್ನು ಕೂಡಿಹಾಕಿ, ಸುತ್ತಲೂ ವಿದ್ಯುತ್ತು ದಾಟಲಾರದ ಗೋಡೆಯನ್ನಿಟ್ಟರೆ, ಕರೆಂಟು ಹೋದ ಮೇಲೂ ಆ ಕಣಗಳು ಅಲ್ಲಿಯೇ ಉಳಿಯುವುವು. ಕೋಣೆಯಲ್ಲಿ ಎಷ್ಟು ತುಂಬಿದೆಯೆಂಬುದನ್ನು ಅಳೆದು ಬರೆಹವನ್ನು ಓದುವರು. ಹುಡುಕಲು ಕೈ ಚಾಚಬೇಕಾದುದಿಲ್ಲವಾದುದರಿಂದ ಸೆಕೆಂಡಿಗೆ ಎಂಬತ್ತರ ಬದಲಾಗಿ ಹತ್ತಾರು ಸಾವಿರ ತುಣುಕುಗಳು ಬರುವುವು. ಹತ್ತು ವರ್ಷದ ಯಂತ್ರಕ್ಕೆ ಇದನ್ನು ಹಾಕಿದ ದಿನ ಮನೆಯವರು, ಹೊಸದನ್ನೇ ತಂದಿರೇನು ಎಂದು ಕೇಳುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕೇಳಿದ್ದೇವೆ.

ಇದರಲ್ಲಿಯೂ ಭೇದಗಳುಂಟು. ಕೋಣೆಯೊಂದರಲ್ಲಿ ಮೂರು ಬಿಟ್ಟುಗಳನ್ನಿಡುವ ಬಗೆಗೆ ಟಿಎಲ್‌ಸಿ ಎಂದೂ, ನಾಲ್ಕನ್ನಿಡುವ ಬಗೆಗೆ ಕ್ಯೂಎಲ್‌ಸಿ ಎಂದೂ ಹೆಸರು. ಮೂರು ಬಿಟ್ಟಿಗೆ ಎಂಟು ಮಟ್ಟಗಳನ್ನು ಗುರುತಿಸಿದರಾಯಿತು. ನಾಲ್ಕಕ್ಕೆ ಹದಿನಾರು ಮಟ್ಟಗಳನ್ನು ಗುರುತಿಸಬೇಕು. ಒಂದೇ ಲೋಟದಲ್ಲಿ ಎಂಟು ಗೆರೆಗಳಿದ್ದರೆ ಹಾಲನ್ನು ಅಳೆಯುವುದು ಸುಲಭ; ಹದಿನಾರು ಗೆರೆಗಳನ್ನೆಳೆದರೆ ಕಣ್ಣು ಕಿರಿದು ಮಾಡಿ ನೋಡಬೇಕು. ಆದಕಾರಣ ಕ್ಯೂಎಲ್‌ಸಿಯು ಅಗ್ಗವಾದರೂ ಬರೆಯುವುದರಲ್ಲಿ ನಿಧಾನ, ಸವೆಯುವುದರಲ್ಲಿ ಶೀಘ್ರ. ಸ್ಯಾಮ್‌ಸಂಗ್ ಸಂಸ್ಥೆಯವರು 2020ರಲ್ಲಿ ಹೊರತಂದ 870 ಕ್ಯೂವಿಒ ಎಂಬುದರ 1 ಟಿಬಿ ಮಾದರಿಯಲ್ಲಿ, ಒಂದೇ ಸಮನೆ 42 ಜಿಬಿ ಬರೆದ ತರುವಾಯ ವೇಗವು ಸೆಕೆಂಡಿಗೆ 80 ಎಂಬಿಗೆ ಇಳಿಯುವುದೆಂದು ಅವರೇ ಮುದ್ರಿಸಿದ್ದಾರೆ. ಇದು ಒಳ್ಳೆಯ ಹಾರ್ಡ್ ಡಿಸ್ಕಿಗಿಂತಲೂ ಕಡಿಮೆ. ಉಳಿದ ತಯಾರಕರಲ್ಲಿ ಅನೇಕರು ಇದನ್ನು ಇಷ್ಟು ಸ್ಪಷ್ಟವಾಗಿ ಮುದ್ರಿಸುವುದಿಲ್ಲ. ಈ ಪ್ರಾಮಾಣಿಕತೆಗಾಗಿ ಸ್ಯಾಮ್‌ಸಂಗಿನವರನ್ನು ಮೆಚ್ಚಬೇಕು, ಆದರೆ ಆ ಸರಕನ್ನು ಕೊಳ್ಳಬೇಕಾದುದಿಲ್ಲ.

ಸೋದರಿಯ ಯಂತ್ರಕ್ಕೆ ಒಪ್ಪುವುದು ಸಾಟಾ ಬಗೆಯ ಎರಡೂವರೆ ಅಂಗುಲದ ಎಸ್‌ಎಸ್‌ಡಿ. ಎನ್‌ವಿಎಂಇ ಎಂಬ ಬಗೆಯು ಇದರ ಆರರಷ್ಟು, ಹನ್ನೆರಡರಷ್ಟು ವೇಗವೆಂದು ಜಾಹೀರಾತುಗಳು ಕೂಗುವುದು ಸತ್ಯವೇ. ಆದರೆ ಆ ಕಾಲದ ಅಗ್ಗದ ಮದರ್‌ಬೋರ್ಡುಗಳಲ್ಲಿ ಅನೇಕಕ್ಕೆ ಅದನ್ನು ಕೂಡಿಸುವ ಸ್ಥಳವೇ ಇಲ್ಲ. ಇದ್ದರೂ ಲಗ್ನಪತ್ರಿಕೆಯ ಕೆಲಸದಲ್ಲಿ ಆ ವ್ಯತ್ಯಾಸವು ಕಣ್ಣಿಗೆ ಬೀಳದು. ಸಾಟಾ ಬಗೆಯಲ್ಲಿ ನಮಗೆ ಪರಿಚಯವಿರುವ ಮೂರನ್ನು ಇಲ್ಲಿ ತೂಗಿನೋಡುವೆವು.

ಸ್ಯಾಮ್‌ಸಂಗ್ 870 ಇವಿಒ, 500 ಜಿಬಿ: 2021ರ ಮಾದರಿ. ಟಿಎಲ್‌ಸಿ ಜಾತಿ. ಯಾವ ಸಾಮಾನು ಎಲ್ಲಿದೆಯೆಂಬ ಪಟ್ಟಿಯನ್ನಿಟ್ಟುಕೊಳ್ಳಲು ಇದರೊಳಗೆ ಪ್ರತ್ಯೇಕ ರ‍್ಯಾಮ್ ಚಿಪ್ಪು ಉಂಟು. ಆದ್ದರಿಂದ ಮುಕ್ಕಾಲು ಭರ್ತಿಯಾದರೂ ತಡವರಿಸದು. ಖಾತರಿ ಐದು ವರ್ಷ ಅಥವಾ 300 ಟಿಬಿ ಬರೆಯುವವರೆಗೆ, ಯಾವುದು ಮೊದಲೋ ಅದು. ಕಿಂಗ್‌ಸ್ಟನ್ ಎ400, 480 ಜಿಬಿ: ಪಟ್ಟಿಗೆ ಪ್ರತ್ಯೇಕ ಚಿಪ್ಪಿಲ್ಲ, ಖಾತರಿ ಮೂರು ವರ್ಷ, 160 ಟಿಬಿ. ಕ್ರೂಷಿಯಲ್ ಬಿಎಕ್ಸ್500, 480 ಜಿಬಿ: ಇದಕ್ಕೂ ಆ ಚಿಪ್ಪಿಲ್ಲ, ಖಾತರಿ ಮೂರು ವರ್ಷ, 120 ಟಿಬಿ. ಈ ಟಿಬಿಯ ಅಂಕಿಗಳನ್ನು ನೋಡಿ, ಬರೆದು ಬರೆದು ಸವೆದುಹೋದೀತೆಂದು ಹೆದರುವವರು ಕೊಂಚ ಲೆಕ್ಕ ಹಾಕಲಿ. ಗೃಹಕೃತ್ಯದ ಯಂತ್ರದಲ್ಲಿ ದಿನಕ್ಕೆ 20 ಜಿಬಿ ಬರೆದರೆ ಅದು ಧಾರಾಳ. ಹಾಗೆ ಬರೆಯುತ್ತ ಹೋದರೂ ಮೂರನೆಯದಕ್ಕೆ ಹದಿನಾರು ವರ್ಷ, ಎರಡನೆಯದಕ್ಕೆ ಇಪ್ಪತ್ತೆರಡು, ಮೊದಲನೆಯದಕ್ಕೆ ನಾಲ್ವತ್ತೊಂದು ವರ್ಷಗಳಾಗುವುವು. ಅಷ್ಟರೊಳಗೆ ಪೆಟ್ಟಿಗೆಯ ಬೇರೆ ಅಂಗಗಳೆಲ್ಲ ಕಾಶಿಗೆ ಹೋಗಿರುವುವು.

ನಮ್ಮ ಅಭಿಪ್ರಾಯವಿದು. ಬೆಲೆಯ ವ್ಯತ್ಯಾಸವು ಕಾಲುಪಾಲಿನೊಳಗಿದ್ದರೆ ಸ್ಯಾಮ್‌ಸಂಗನ್ನೇ ಕೊಳ್ಳತಕ್ಕದ್ದು. ಹೆಚ್ಚಾಗಿದ್ದರೆ ಕಿಂಗ್‌ಸ್ಟನ್ ಸಾಕು. ಹಾರ್ಡ್ ಡಿಸ್ಕಿನಿಂದ ಬಂದವರಿಗೆ ಅದೇ ಸ್ವರ್ಗ. ಕ್ರೂಷಿಯಲ್ ಸರಕು ಅಂಗಡಿಯಲ್ಲಿ ಉಳಿದಿದ್ದು ಮುಚ್ಚಳದ ಮುದ್ರೆ ಒಡೆಯದೆ, ಬಿಲ್ಲಿನೊಡನೆ ದೊರೆತರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಅಗ್ಗದ ವರ್ಗದ ಸರಕುಗಳಲ್ಲಿ ಹೆಸರು ಒಂದೇ ಇದ್ದು ಒಳಗಿನ ಚಿಪ್ಪುಗಳು ಕಾಲಕಾಲಕ್ಕೆ ಬದಲಾಗುವುದುಂಟು. ಐದು ವರ್ಷದ ಹಿಂದೆ ಭಾವಮೈದುನನು ಕೊಂಡದ್ದು ಚೆನ್ನಾಗಿದೆಯೆಂಬ ಮಾತನ್ನು ಅದಕ್ಕಾಗಿ ಪೂರ್ತಿ ನಂಬಬೇಕಾದುದಿಲ್ಲ. ಹೆಸರೇ ಕೇಳದ ಮಾದರಿಗಳನ್ನು ಅರ್ಧ ಬೆಲೆಗೆ ಮಾರುವವರ ಕಡೆಗೆ ತಲೆಯೆತ್ತಿಯೂ ನೋಡಬೇಡಿರಿ: ಮೇಲೆ 2 ಟಿಬಿ ಎಂದು ಅಚ್ಚುಮಾಡಿ ಒಳಗೆ 64 ಜಿಬಿ ಇಟ್ಟಿರುವ ಮೋಸಗಳು ನಡೆಯುತ್ತಲೇ ಇವೆ.

ಕೊಂಡು ತಂದ 500 ಜಿಬಿಯ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸಿದರೆ ಅಂಗಡಿಯವನೊಡನೆ ಜಗಳವಾಡಬೇಡಿರಿ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆದರೆ ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುವುದು. ಹಿಂದಿನವರ ಕಚ್ಚಾ ಸೇರು, ಪಕ್ಕಾ ಸೇರುಗಳಂತೆಯೇ ಇದೂ; ಧಾನ್ಯ ಒಂದೇ, ಅಳತೆ ಬೇರೆ.

ಇನ್ನು ಕಟ್ಟೆಯ ಮಾತು. ಆ ಯಂತ್ರಕ್ಕೆ 8 ಜಿಬಿ ಇದ್ದರೆ ಒಳ್ಳೆಯದು. ಎಂದರೆ ಇನ್ನೊಂದು 4 ಜಿಬಿಯ ಫಲಕ. ಆರನೆಯ ತಲೆಮಾರಿನ ಮದರ್‌ಬೋರ್ಡುಗಳಲ್ಲಿ ಹೆಚ್ಚಿನವು ಡಿಡಿಆರ್4 ಬಗೆಯವಾದರೂ ಡಿಡಿಆರ್3 ಬಗೆಯವೂ ಇವೆ. ಒಂದರ ಫಲಕವು ಇನ್ನೊಂದಕ್ಕೆ ಕೂಡದು, ಕೆಳಗಿನ ಕಚ್ಚಿನ ಸ್ಥಳವೇ ಬೇರೆ. ಈಗಿರುವ ಫಲಕವನ್ನು ಕಳಚಿ ಅಂಗಡಿಗೇ ಒಯ್ದು ತೋರಿಸುವುದು ಎಲ್ಲಕ್ಕಿಂತ ಸುಲಭ. ಬೆಲೆಯೇರಿರುವ ಈ ದಿನಗಳಲ್ಲಿ ಹಳೆಯ ರ‍್ಯಾಮನ್ನು ಕೊಳ್ಳಬಹುದೇ ಎಂದು ಹಲವರು ಕೇಳುವರು. ಕೊಳ್ಳಬಹುದು. ಎಸ್‌ಎಸ್‌ಡಿಯಂತೆ ರ‍್ಯಾಮು ಬರೆದಷ್ಟೂ ಸವೆಯುವ ವಸ್ತುವಲ್ಲ; ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಒಂದು ರಾತ್ರಿ ನಡೆಸಿ, ಒಂದೂ ತಪ್ಪು ಬಾರದಿದ್ದರೆ ನಿಶ್ಚಿಂತೆಯಾಗಿ ಬಳಸಬಹುದು. ಹಳೆಯ ಎಸ್‌ಎಸ್‌ಡಿಯನ್ನು ಮಾತ್ರ ಕೊಳ್ಳಲಾಗದು. ಬಣ್ಣಬಣ್ಣದ ದೀಪಗಳು ಮಿನುಗುವ ರ‍್ಯಾಮೂ ಮಾರಾಟಕ್ಕಿದೆ. ನವರಾತ್ರಿಯ ಬೊಂಬೆಗಳ ಮುಂದೆ ಇಡಬೇಕೆಂದಿರುವವರ ಹೊರತು ಇತರರಿಗೆ ಅದರಿಂದ ಪ್ರಯೋಜನವಿಲ್ಲ. ಹಣವು ಒಂದಕ್ಕೇ ಸಾಕಾಗುವುದಾದರೆ ಎಸ್‌ಎಸ್‌ಡಿಯನ್ನು ಮೊದಲು ಹಾಕಿಸಿ, ರ‍್ಯಾಮನ್ನು ಬೆಲೆಯಿಳಿದ ಮೇಲೆ ನೋಡಿಕೊಳ್ಳಬಹುದು. ಕಟ್ಟೆ ಚಿಕ್ಕದಾದರೂ ಉಗ್ರಾಣದ ಆಳು ಚುರುಕಾದ ಮೇಲೆ ಅಡಿಗೆ ನಿಲ್ಲುವುದಿಲ್ಲ.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಹೊಸದನ್ನು ಕೊಳ್ಳುವ ಮೊದಲೇ, ಈ ಸಂಚಿಕೆ ಕೈಸೇರಿದ ದಿನವೇ, ಆ ಭಾವಚಿತ್ರಗಳನ್ನು ಬೇರೆಡೆಗೆ ಪ್ರತಿಮಾಡಿಕೊಳ್ಳಬೇಕು. ಹತ್ತು ವರ್ಷ ತಿರುಗಿದ ಹಾರ್ಡ್ ಡಿಸ್ಕನ್ನು ಎಷ್ಟು ನಂಬಬಹುದು? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕು ತನ್ನ ವಿಷಯವಾಗಿ ತಾನೇ ಬರೆದಿಟ್ಟುಕೊಂಡಿರುವ ದಿನಚರಿಯನ್ನು ಓದಿ ಹೇಳುವುದು. ಕೆಟ್ಟ ಜಾಗಗಳನ್ನು ಬದಲಾಯಿಸಿಕೊಂಡ ಲೆಕ್ಕ, ಓದಲಾಗದೆ ಬಾಕಿಯಿರುವ ಜಾಗಗಳ ಲೆಕ್ಕ, ಈ ಎರಡು ಸಾಲುಗಳಲ್ಲಿ ಸೊನ್ನೆಯ ಹೊರತು ಬೇರೆ ಅಂಕಿ ಕಂಡು, ಅದು ದಿನದಿನಕ್ಕೆ ಬೆಳೆಯುತ್ತಿದ್ದರೆ ಆ ಡಿಸ್ಕಿಗೆ ಆಯುಸ್ಸು ಕಡಿಮೆ. ಟಕಟಕನೆ ಶಬ್ದವಾಗುತ್ತಿದ್ದರಂತೂ ಯಂತ್ರವನ್ನು ಕೂಡಲೇ ನಿಲ್ಲಿಸಿ ಬಲ್ಲವರ ಕೈಗೆ ಕೊಡಬೇಕು. ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದರಿಂದ ಉಳಿದುದೂ ಹೋಗುವ ಸಂಭವವಿರುವುದು. ಭಾವಚಿತ್ರಗಳ ಒಂದು ಪ್ರತಿ ಹೊಸ ಎಸ್‌ಎಸ್‌ಡಿಯಲ್ಲಿರಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿರಲಿ, ಮೂರನೆಯದು ಅಣ್ಣನ ಮನೆಯಲ್ಲಿಯೋ ತಂಗಿಯ ಮನೆಯಲ್ಲಿಯೋ ಇರಲಿ. ಎಸ್‌ಎಸ್‌ಡಿಗೆ ಬಂದಾಯಿತು, ಇನ್ನು ಭಯವಿಲ್ಲ ಎಂದುಕೊಳ್ಳಬಾರದು. ಹಾರ್ಡ್ ಡಿಸ್ಕು ಕೆಡುವ ಮೊದಲು ನರಳಿ ತಿಳಿಸುವುದುಂಟು. ಎಸ್‌ಎಸ್‌ಡಿಯು ಅನೇಕ ವೇಳೆ ಸದ್ದಿಲ್ಲದೆ ಹೋಗುವುದು, ಹೋದ ಮೇಲೆ ಅದರಿಂದ ಬರೆಹವನ್ನು ಹೊರತೆಗೆಯುವುದು ಇನ್ನೂ ಕಠಿನ. ಕರೆಂಟು ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಕೋಣೆಗಳಲ್ಲಿ ಕೂಡಿಟ್ಟ ಕಣಗಳು ಮೆಲ್ಲಮೆಲ್ಲನೆ ಸೋರಿಹೋಗಲೂ ಬಹುದು.

ಜೋಡಿಸುವ ಕೆಲಸವನ್ನು ಪಿ.ಯು.ಸಿ. ಓದುವ ಮಗಳು ಅರ್ಧ ಗಂಟೆಯಲ್ಲಿ ಮಾಡಬಲ್ಲಳು. ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಒಂದು ಸಲ ಒತ್ತಿ ಒಳಗುಳಿದ ವಿದ್ಯುತ್ತನ್ನು ಬಿಡಿಸಿ, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಅನಂತರ ಕೈಹಾಕಬೇಕು. ಎಸ್‌ಎಸ್‌ಡಿಗೆ ಎರಡು ತಂತಿಗಳು: ಒಂದು ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಬರುವ ವಿದ್ಯುತ್ತಿನದು, ಇನ್ನೊಂದು ಮದರ್‌ಬೋರ್ಡಿಗೆ ಹೋಗುವ ಸಾಟಾ ಕೇಬಲ್ಲು. ಎರಡಕ್ಕೂ ಎಲ್ ಆಕಾರದ ಬಾಯಿರುವುದರಿಂದ ತಿರುಗುಮುರುಗಾಗಿ ಕೂಡುವ ಭಯವಿಲ್ಲ. ಸ್ಕ್ರೂ ಹಾಕುವ ಸ್ಥಳ ಸಿಕ್ಕದಿದ್ದರೆ ದಾರದಿಂದ ಕಟ್ಟಿದರೂ ಸರಿಯೆ. ಒಳಗೆ ತಿರುಗುವುದೇನೂ ಇಲ್ಲವಷ್ಟೆ. ಹಳೆಯ ಡಿಸ್ಕಿನಲ್ಲಿದ್ದುದನ್ನು ಹಾಗೆಯೇ ಪ್ರತಿಮಾಡಲು ಕ್ಲೋನ್‌ಜಿಲ್ಲ ಎಂಬ ಉಚಿತ ತಂತ್ರಾಂಶವಿದೆ. ಪ್ರತಿಮಾಡುವಾಗ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎರಡು ಸಲ ಓದಿಕೊಳ್ಳಬೇಕು. ಅದಲುಬದಲಾದರೆ ಬರಿದಾದ ಹೊಸ ಡಿಸ್ಕೇ ತುಂಬಿದ ಹಳೆಯ ಡಿಸ್ಕಿನ ಮೇಲೆ ಪ್ರತಿಯಾಗಿಬಿಡುವುದು.

ಅಂಗಡಿಯವರು ಹೇಳಿದ ಮಾತುಗಳಲ್ಲಿ ಒಂದು ಮಾತ್ರ ನಿಜ: ಆ ಯಂತ್ರಕ್ಕೆ ವಿಂಡೋಸ್ 11 ಸಲ್ಲದು. ಮೈಕ್ರೋಸಾಫ್ಟ್ ಸಂಸ್ಥೆಯು ಇಂಟೆಲಿನ ಎಂಟನೆಯ ತಲೆಮಾರಿನಿಂದೀಚೆಗಿನ ಪ್ರೊಸೆಸರುಗಳನ್ನೂ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡನ್ನೂ ಅದಕ್ಕೆ ಕಡ್ಡಾಯ ಮಾಡಿದೆ. ವಿಂಡೋಸ್ 10ರ ಪೋಷಣೆಯು 2025ರ ಅಕ್ಟೋಬರು 14ಕ್ಕೆ ಮುಗಿಯಿತು. ಗೃಹಬಳಕೆಯವರಿಗಾಗಿ 2026ರ ಅಕ್ಟೋಬರು 13ರವರೆಗೆ ಭದ್ರತೆಯ ತಿದ್ದುಪಡಿಗಳನ್ನು ಕೊಡುವ ಏರ್ಪಾಡನ್ನು ಪ್ರಕಟಿಸಿ, ಯಂತ್ರದ ಹೊಂದಿಕೆಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದವರಿಗೆ ಅದನ್ನು ಹಣವಿಲ್ಲದೆ ಒದಗಿಸುವುದಾಗಿ ತಿಳಿಸಿದರು. ಚೆನ್ನಾಗಿ ನಡೆಯುವ ಕೋಟ್ಯಂತರ ಯಂತ್ರಗಳನ್ನು ಒಂದು ಕಾಗದದ ನಿಯಮದಿಂದ ಮುದಿಯೆಂದು ಸಾರುವುದು ನಮಗೆ ಒಪ್ಪಿಗೆಯಾದ ಕ್ರಮವಲ್ಲ.

ಹಾಗಾದರೆ ಲಿನಕ್ಸನ್ನು ಹಾಕಿಕೊಳ್ಳಬಾರದೇ ಎಂದು ನಮ್ಮ ತರುಣ ವಾಚಕರು ಕೇಳುವರು. ಪತ್ರ ಬರೆಯಲು, ಪುಸ್ತಕ ಓದಲು, ಬ್ಯಾಂಕಿನ ವ್ಯವಹಾರಕ್ಕೆ ಲಿನಕ್ಸ್ ಮಿಂಟು ಸೊಗಸಾಗಿದೆ. ಕನ್ನಡವನ್ನು ಯುನಿಕೋಡಿನಲ್ಲಿ ಬರೆಯುವುದಕ್ಕೂ ಅಡ್ಡಿಯಿಲ್ಲ. ನುಡಿಯಲ್ಲಿ ಬೆರಳು ಪಳಗಿದವರಿಗೆ ಆ ಕೀಲಿಮಣೆಯ ಕ್ರಮವು ಅಲ್ಲಿಯೂ ದೊರೆಯುವುದು. ಆದರೆ ನಮ್ಮ ನಾಡಿನ ಅಚ್ಚುಕೆಲಸದವರ ಕಷ್ಟವೇ ಬೇರೆ. ಹತ್ತಿಪ್ಪತ್ತು ವರ್ಷಗಳ ಲಗ್ನಪತ್ರಿಕೆಗಳು ನುಡಿ, ಬರಹ, ಶ್ರೀಲಿಪಿ ಮೊದಲಾದುವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ, ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ ಕಡತಗಳಲ್ಲಿ ಕುಳಿತಿವೆ. ಮುದ್ರಣಾಲಯದವರು ಕೇಳುವುದೂ ಅವನ್ನೇ. ಇವೆಲ್ಲವೂ ವಿಂಡೋಸಿಗೆ ಹುಟ್ಟಿದ ಸಾಮಗ್ರಿ. ಆದಕಾರಣ ಈ ಸೋದರಿಯು ಕೆಲಸದ ಯಂತ್ರದಲ್ಲಿ ವಿಂಡೋಸ್ 10ನ್ನೇ ಉಳಿಸಿಕೊಂಡು, ತಿದ್ದುಪಡಿಗಳ ಅವಧಿ ಮುಗಿದ ಮೇಲೆ ಅದನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಅಚ್ಚಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳುವುದು ಲೇಸೆಂದು ತೋರುತ್ತದೆ. ಕಡತಗಳನ್ನು ಕೊಡಲು ತೆಗೆದುಕೊಳ್ಳಲು ಪೆನ್‌ಡ್ರೈವು ಸಾಕು. ಬ್ಯಾಂಕಿನ ವ್ಯವಹಾರವನ್ನು ಕೈಫೋನಿನಲ್ಲಿ ನಡೆಸಿಕೊಳ್ಳಬಹುದು. ಹೀಗೆ ಮಾಡಿದರೆ ಒಟ್ಟು ಖರ್ಚು ಹೊಸ ಯಂತ್ರದ ಬೆಲೆಯ ಸಣ್ಣದೊಂದು ಪಾಲಾದೀತು. ಆ ಯಂತ್ರವೂ ಇನ್ನು ಕೆಲವು ವರ್ಷ ದುಡಿದೀತು.

ಹಳೆಯ ಡಿಸ್ಕನ್ನು ಏನು ಮಾಡಬೇಕೆಂದು ಬೇರೆ ಇಬ್ಬರು ವಾಚಕರೂ ಕೇಳಿದ್ದಾರೆ. ದಿನಚರಿಯಲ್ಲಿ ದೋಷ ಕಾಣದಿದ್ದರೆ ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿ ಕೂಡಿಸಿ ಪ್ರತಿಗಳನ್ನಿಡಲು ಬಳಸಬಹುದು. ಮಾರುವುದಾದರೆ, ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲವೆಂಬುದು ತಿಳಿದಿರಲಿ. ಡಿಸ್ಕಿನ ತುಂಬ ಒಂದು ಸಲ ಸೊನ್ನೆಗಳನ್ನು ಬರೆಸಿ ಅನಂತರ ಕೊಡಬೇಕು. ಕೆಟ್ಟುಹೋಗಿದ್ದರೆ ಕಸದ ಗಾಡಿಗೆ ಎಸೆಯದೆ ಇ-ತ್ಯಾಜ್ಯವನ್ನು ಸ್ವೀಕರಿಸುವ ಅಧಿಕೃತ ಸ್ಥಳಗಳಿಗೆ ಒಪ್ಪಿಸತಕ್ಕದ್ದು; 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇಂಥವುಗಳ ಮರುಬಳಕೆಯ ಹೊಣೆಯು ತಯಾರಕರ ಮೇಲೂ ಬಿದ್ದಿದೆ.

ದಾವಣಗೆರೆಯ ವಾಚಕರೊಬ್ಬರು, ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ತಾರೀಕು ಹಿಂದಕ್ಕೆ ಓಡುವುದೆಂದು ಬರೆದಿದ್ದಾರೆ. ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ಗುಂಡು ಬ್ಯಾಟರಿ ತೀರಿದೆ. ಗಡಿಯಾರದ ಅಂಗಡಿಯಲ್ಲಿಯೂ ಅದು ದೊರೆಯುವುದು. ಯುಪಿಎಸ್ ಪೆಟ್ಟಿಗೆಯ ಬ್ಯಾಟರಿಗಳ ವಿಷಯವಾಗಿ ಬಂದಿರುವ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುವೆವು.